ತುಟಿಗೆ ಕೂತ ಮಾತು

ಅಂಗಿಯ ಮೇಲಿನ ಗುಂಡಿ ಕಾಜಕ್ಕೆ ಕೂರುತ್ತಲೇ ಇರಲಿಲ್ಲ. ಬದುಕಿದ್ದಾಗ ಈ ಕತ್ತು ಇಷ್ಟು ಮೊಂಡಾಗಿರಲಿಲ್ಲ ಎಂದುಕೊಳ್ಳುತ್ತ ಆಕೆ ಗಂಡನ ಗದ್ದವನ್ನು ಒಂದು ಕೈಯಲ್ಲಿ ಮೇಲೆತ್ತಿ, ಇನ್ನೊಂದರಲ್ಲಿ ಗುಂಡಿಯನ್ನು ತಳ್ಳುತ್ತಿದ್ದಳು. ಗಂಟಲಿನ ಆಪರೇಷನ್ ಆದ ಮೇಲೆ ಅಲ್ಲೊಂದು ತೂತು ಉಳಿದಿತ್ತು. ನೋಡಲು ಬಂದವರ ಕಣ್ಣೆಲ್ಲ ಅಲ್ಲಿಗೇ ಹೋಗುವುದು ಆಕೆಗೆ ಬೇಕಿರಲಿಲ್ಲ.

"ಬಿಡಕ್ಕ, ಒಂದು ಮಫ್ಲರ್ ಸುತ್ತಿದ್ರಾಯ್ತು," ಎಂದಳು ತಂಗಿ.

"ಮಫ್ಲರ್ ಅಂದ್ರೆ ಇವರಿಗೆ ಆಗ್ತಿರ್ಲಿಲ್ಲ ಕಣೆ. ಯಾರೋ ಕುತ್ತಿಗೆ ಹಿಡ್ಕೊಂಡ ಹಾಗಿರುತ್ತೆ ಅನ್ನೋರು."

ಗುಂಡಿ ಕೊನೆಗೂ ಕೂತಿತು. ಆಗಲೇ ಬಾಗಿಲ ಕಡೆಯಿಂದ ಸತ್ತವನ ದನಿ ಕೇಳಿಸಿತು.

"ಒಳಗೆ ಬರಬಹುದಾ?"

ತುಂಬು ಗಂಭೀರ ದನಿ, ಇಡೀ ಊರಿಗೆ ಗೊತ್ತಿದ್ದ ದನಿ. ಕೋಣೆಯಲ್ಲಿದ್ದ ಅಷ್ಟೂ ಜನ ಬಾಗಿಲ ಕಡೆ ತಿರುಗುವ ಬದಲು ಹೆಣದ ಕಡೆ ತಿರುಗಿದರು. ಪಕ್ಕದ ಮನೆಯಾಕೆಯ ಕೈಯಲ್ಲಿದ್ದ ನೀರಿನ ಲೋಟ ಅವಳ ಸೀರೆಯ ಮೇಲೇ ಮಗುಚಿತು. ಹೆಣ ಮಾತ್ರ ತೆಪ್ಪಗೆ ಮಲಗಿತ್ತು.

ಬಾಗಿಲಲ್ಲಿ ನಿಂತಿದ್ದವನು ಸಣಕಲು, ಕುಳ್ಳ ಮನುಷ್ಯ. ತನ್ನಿಂದ ಆದದ್ದೇನೆಂದು ಅರ್ಥವಾಗಿ ಅವನು ಬಾಯಿಯ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಮಾತಾಡದೆ ಬಂದು ಒಂದು ಮೂಲೆಯಲ್ಲಿ ಕೂತ. ಸಿನಿಮಾದವರು ಅವನನ್ನು ಗುಡುಗು ಎನ್ನುತ್ತಿದ್ದರು.

*

ಈ ಇಬ್ಬರನ್ನು ಮಾಡುವಾಗ ದೇವರ ಕೈ ತಪ್ಪಿ ಗಂಟಲುಗಳು ಅದಲುಬದಲಾಗಿದ್ದವು. ಆಕೆಯ ಗಂಡ ಬಾಗಿಲು ತುಂಬುವ ಆಳು, ಕೈಯೆತ್ತಿದರೆ ತೊಲೆ ಮುಟ್ಟುತ್ತಿದ್ದ. ಬಾಯಿ ಬಿಟ್ಟರೆ ಮಾತ್ರ ಜಾತ್ರೆಯ ಆಟಿಕೆಯಂಥ ಸಣ್ಣ ದನಿ. ಅದಕ್ಕೇ ಅವನ ಹೆಸರು ಪೀಪಿ. ಅವನ ನಟನೆಯನ್ನು ಮೆಚ್ಚಿದ ನಿರ್ದೇಶಕರೆಲ್ಲ ದನಿಯನ್ನು ಮಾತ್ರ ಗುಡುಗಿನ ಹತ್ತಿರ ಹಾಕಿಸುತ್ತಿದ್ದರು. ಮುಖ ಇವನದು, ಮಾತು ಅವನದು. ಹಾಗೇ ಜೀವಮಾನ ಕಳೆಯಿತು.

ಪೀಪಿಗೆ ಅದರ ಬಗ್ಗೆ ಕೊರಗಿರಲಿಲ್ಲ, ಅಥವಾ ಇತ್ತೆಂದು ತೋರಿಸಿಕೊಳ್ಳಲಿಲ್ಲ. ಟಾಕೀಸಿನಲ್ಲಿ ಪಕ್ಕ ಕೂತು, ತೆರೆಯ ಮೇಲೆ ತಾನು ಬಾಯಿ ತೆರೆಯುವುದಕ್ಕೆ ಸ್ವಲ್ಪ ಮುಂಚೆ ಅದೇ ಮಾತನ್ನು ಹೆಂಡತಿಯ ಕಿವಿಯಲ್ಲಿ ತನ್ನ ದನಿಯಲ್ಲಿ ಹೇಳುತ್ತಿದ್ದ. "ಇದು ನಿನಗೆ, ಅದು ಅವರಿಗೆ," ಎನ್ನುತ್ತಿದ್ದ. ಫೋನಿನಲ್ಲಿ ಯಾರಾದರೂ ವಿಡಿಯೊ ಹಿಡಿಯಲು ಬಂದರೆ ತುಟಿ ಬಿಚ್ಚುತ್ತಿರಲಿಲ್ಲ. ಜನರ ಭ್ರಮೆ ಯಾಕೆ ಒಡೆಯಬೇಕು ಎನ್ನುವುದು ಅವನ ವಾದ.

ಆಪರೇಷನ್ ಆದ ಮೇಲೆ ಇದ್ದ ದನಿಯೂ ಹೋಯಿತು. ಎರಡು ವರ್ಷ ಕೈಸನ್ನೆ, ಕಣ್ಸನ್ನೆಯಲ್ಲೇ ಸಂಸಾರ. ಇವತ್ತು ಬೆಳಿಗ್ಗೆ, ಜನ ಬರುವ ಮುಂಚೆ, ಆಕೆ ಪಕ್ಕದಲ್ಲಿ ಕೂತು ಅವನು ತನ್ನನ್ನು ಹೇಗೆ ಕರೆಯುತ್ತಿದ್ದನೆಂದು ನೆನೆಸಿಕೊಳ್ಳಲು ನೋಡಿದಳು. ನೆನಪಿಗೆ ಬಂದದ್ದು ಗುಡುಗಿನ ದನಿ. ಮತ್ತೆ ನೋಡಿದಳು, ಮತ್ತೆ ಅದೇ ಬಂತು. ಆಗ ಆಕೆಗೆ ನಿಜಕ್ಕೂ ಭಯವಾಯಿತು. ಕಣ್ಣೆದುರು ಮಲಗಿದ್ದ ಗಂಡ ಒಳಗಿಂದಲೂ ಹೊರಟುಹೋಗುತ್ತಿದ್ದ.

*

"ಉತ್ತರದ ಆ ಹಿಮದ ಗುಡ್ಡದ ಮೇಲೆ ನಾವು ಪಟ್ಟ ಪಾಡು ನಾಯಿಗೂ ಬೇಡ," ಎನ್ನುತ್ತಿದ್ದರು ಹಳೆಯ ಕ್ಯಾಮೆರಾದವರೊಬ್ಬರು. ಸುತ್ತ ಕೂತವರು ಕೇಳಿಸಿಕೊಳ್ಳುತ್ತಿದ್ದರು. "ಹದಿನೈದು ದಿನದ ಔಟ್‌ಡೋರ್ ಅಂತ ಹೋದೋರು ಎರಡು ತಿಂಗಳು ಕೂತ್ವಿ. ಗಾಳಿ ಅಂದ್ರೆ ಗಾಳಿ. ಒಂದು ಡೇರೆ ಹಾರಿಹೋಗಿದ್ದು ಕೆಳಗಡೆ ಕಣಿವೇಲಿ ಸಿಕ್ತು. ಚಳಿಗೆ ಕ್ಯಾಮೆರಾ ತಿರುಗ್ತಾನೇ ಇರ್ಲಿಲ್ಲ, ನಾನು ಅದನ್ನ ಕಂಬಳಿಯೊಳಗೆ ಮಗು ಥರ ತಬ್ಕೊಂಡು ಮಲಗ್ತಿದ್ದೆ. ಹೀರೋ ಜ್ವರ ಅಂತ ಗುಡ್ಡ ಇಳಿದುಬಿಟ್ಟ. ಅವನು ವಾಪಸ್ ಬರೋವರೆಗೂ ಪೀಪಿ ಸೀನೇ ತೆಗೀತಾ ಇದ್ವಿ."

"ಮಗಳನ್ನ ಹುಡುಕೋ ಸೀನಾ?" ಎಂದ ಯಾರೋ.

"ಅದೇ. ಹಿಮದಲ್ಲಿ ಮಗಳು ಕಳೆದುಹೋಗಿರ್ತಾಳೆ, ಕುರಿ ಕಾಯೋ ಅಪ್ಪ ಕೂಗ್ತಾನೆ. ಡೈರೆಕ್ಟರ್ ಸಾಕು ಅಂದ್ರೂ ಇವನು ಇನ್ನೊಂದು ಸಲ ಅಂತಿದ್ದ. ಫಿಲಂ ಮುಗಿದಿದೆ ಕಣಪ್ಪ ಅಂದ್ರೂ ಕೂಗ್ತಿದ್ದ. ಪಾತ್ರ ಮೈಮೇಲೆ ಬಂದಿದೆ ಅಂದ್ಕೊಂಡ್ವಿ. 'ಬಾ ಮಗು' ಅಂತ ಆ ಒಂದು ಮಾತು ಸಾಕಲ್ಲ, ಸಾಯೋವರೆಗೂ ಅವನಿಗೆ ಅನ್ನ ಹಾಕ್ತು."

"ಬಾ ಮಗೂ," ಎಂದು ಒಬ್ಬ ಮೆಲ್ಲಗೆ, ದಪ್ಪ ದನಿ ಮಾಡಿ ಅಂದುನೋಡಿದ. ಬೀದಿಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಗಂಡನನ್ನು ಕಂಡವರೆಲ್ಲ ಹೀಗೇ ಅನ್ನುತ್ತಿದ್ದರು. ಆಕೆ ಎದ್ದು ಅಡುಗೆಮನೆಗೆ ಹೋದಳು. ಆ ಮಾತು ಆಕೆಗೆ ಮೈಯೆಲ್ಲ ಮುಳ್ಳು. ಆ ಸಿನಿಮಾವನ್ನು ಆಕೆ ಇವತ್ತಿನವರೆಗೂ ನೋಡಿರಲಿಲ್ಲ.

*

ಹೆಸರಿಡುವ ಮುಂಚೆಯೇ ಹೋದ ಮಗು ಅದು. ಹೆಣ್ಣು. ಹೆಸರು ಆಮೇಲೆ ನಿಧಾನವಾಗಿ ಹುಡುಕೋಣವೆಂದು ಇಬ್ಬರೂ ಪಾಪು, ಪಾಪು ಎನ್ನುತ್ತಿದ್ದರು. ಆಸ್ಪತ್ರೆಯಿಂದ ಮನೆಗೂ ಬರಲಿಲ್ಲ. ಆಕೆಗೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಅವನೊಬ್ಬನೇ ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಹೋದ, ಸಂಜೆ ಬರಿಗೈಯಲ್ಲಿ ಬಂದು "ಆಯ್ತು" ಎಂದ. ಅಷ್ಟೇ. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಮುಂದಿನ ವಾರ ಪೆಟ್ಟಿಗೆ ಕಟ್ಟಿಕೊಂಡು ಗುಡ್ಡಕ್ಕೆ ಹೊರಟ. ಒಪ್ಪಿಕೊಂಡ ಕೆಲಸ, ಬಿಡಲಾಗುವುದಿಲ್ಲ ಎಂದ.

ಗಂಟಲು ಕಟ್ಟಿಕೊಂಡು, ಮುಖದ ಚರ್ಮ ಸುಲಿದುಕೊಂಡು ವಾಪಸ್ಸು ಬಂದಾಗ ಆಕೆ ಏನಾಯಿತೆಂದು ಕೇಳಲಿಲ್ಲ. ಹೆತ್ತವಳು ಖಾಲಿ ಮಡಿಲಿಟ್ಟುಕೊಂಡು ಕೂತಿರುವಾಗ ಯಾರದೋ ಕತೆಯ ಮಗಳಿಗಾಗಿ ಗಂಟಲು ಹರಿದುಕೊಂಡವನನ್ನು ಏನಂತ ಕೇಳುವುದು? ಮತ್ತೆ ಮಕ್ಕಳಾಗಲಿಲ್ಲ. ಇಬ್ಬರೂ ಚೆನ್ನಾಗಿಯೇ ಬಾಳಿದರು, ನಕ್ಕರು, ಜಗಳವಾಡಿದರು. ಪಾಪು ಎಂಬ ಆ ಒಂದು ಪದವನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅಳದವನು ಎಂಬ ಸಿಟ್ಟು ಆಕೆಯ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಅದನ್ನು ಇಟ್ಟುಕೊಂಡೇ ಕೊನೆಗೆ ಅವನ ಗಂಟಲಿನ ಗಾಯ ತೊಳೆದಳು, ಗಂಜಿ ಕುಡಿಸಿದಳು.

*

ಗುಡುಗು ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಬಂದ. ಪಿಸುಮಾತಿನಲ್ಲಿ "ಅತ್ತಿಗೆ" ಎಂದ.

ಆಕೆ ಲೋಟ ಕೊಟ್ಟು, ಸುತ್ತುಬಳಸದೆ ಕೇಳಿದಳು. "ಇವರ ದನಿ ನಿಮಗೆ ನೆನಪಿದೆಯಾ? ನಿಜವಾದ್ದು?"

"ಅದು ನನ್ನ ಹೊಟ್ಟೆಪಾಡಲ್ವಾ. ಶೂಟಿಂಗಲ್ಲಿ ಹಿಡಿದ ಅವನ ದನೀನ ಕಿವೀಲಿ ಹಾಕ್ಕೊಂಡು, ತೆರೆ ಮೇಲೆ ಅವನ ತುಟಿ ನೋಡ್ಕೊಂಡು, ಅದರ ಮೇಲೆ ನಂದನ್ನ ಕೂರಿಸೋದು. ನಿಮ್ಮನ್ನ ಬಿಟ್ರೆ ಅವನ ಮಾತು ಜಾಸ್ತಿ ಕೇಳಿರೋನು ನಾನೇ."

"ಆ ದನಿ ಎಲ್ಲಿದೆ ಈಗ?"

"ಕೆಲಸ ಮುಗಿದ ಮೇಲೆ ಅಳಿಸಿಬಿಡೋರು. ಬರೀ ಗುರುತಿಗೆ ಅಂತ ಹಿಡಿದಿದ್ದು, ಯಾರು ಇಟ್ಕೋತಾರೆ?"

ಅವನು ನೀರು ಕುಡಿಯದೆ ಲೋಟವನ್ನು ತಿರುಗಿಸುತ್ತಿದ್ದ.

"ಆ ಗುಡ್ಡದ ಸಿನಿಮಾದಲ್ಲಿ 'ಬಾ ಮಗು' ಅಂತ ಬರೆದೇ ಇರ್ಲಿಲ್ಲ ಅತ್ತಿಗೆ. 'ಎಲ್ಲಿದ್ದೀಯೇ' ಅಂತಿತ್ತು. ಏನು ಮಾಡಿದ್ರೂ ಅವನ ತುಟಿಗೆ ಅದು ಕೂರಲಿಲ್ಲ. 'ಎಲ್ಲಿದ್ದೀಯೇ' ಅನ್ನೋಕೆ ತುಟಿ ಮುಚ್ಚೋದೇ ಬೇಡ. ಇವನು ಎರಡು ಸಲ ಮುಚ್ಚಿದಾನೆ. ಗಾಳಿ ಸದ್ದಲ್ಲಿ ಡೈರೆಕ್ಟರಿಗೆ ಏನೂ ಕೇಳಿಸ್ಲಿಲ್ಲ, ಆ ಜಾಗಕ್ಕೆ ಏನಾದ್ರೂ ಹೊಂದಿಸು ಅಂದ್ರು. ನಾನೇ 'ಬಾ ಮಗು' ಅಂತ ಹುಡುಕಿ ಹಾಕಿದ್ದು."

"ಇವರು ಏನಂತ ಕೂಗಿದ್ರು?"

ಅವನು ತಲೆ ಎತ್ತಲಿಲ್ಲ. "ಪಾಪು ಅಂತ."

ಹೊರಗೆ ಯಾರೋ ಕುರ್ಚಿ ಎಳೆಯುತ್ತಿದ್ದರು. ಆಕೆ ಅಡುಗೆಮನೆಯ ಬಾಗಿಲನ್ನು ಮುಂದೆ ಮಾಡಿದಳು.

"ಕಿವೀಲಿ ಹಾಕ್ಕೊಂಡು ಕೇಳಿದ್ರೆ ಪ್ರತಿ ಸಲಾನೂ ಅದೇ. ನಾನು ಕೇಳಿದ್ದಕ್ಕೆ, ಬಾಯಿ ತಪ್ಪಿ ಬಂತು, ನೀನು ಮುಚ್ಚಿಬಿಡು ಅಂದ. ಮನೇಲಿ ಆ ಮಾತು ಆಡಿದ್ರೆ ಅವಳು ಸತ್ತುಹೋಗ್ತಾಳೆ ಅಂದ. ಅದಕ್ಕೇ ಮುಚ್ಚಿದೆ."

"ನಾನು ಸಾಯ್ತಿರ್ಲಿಲ್ಲ," ಎಂದಳು ಆಕೆ. ಸಿಟ್ಟು ಬರಬೇಕಿತ್ತು, ಬಂದದ್ದು ಅಳು. ಇಷ್ಟು ವರ್ಷ ಒಂದೇ ಮಂಚದ ಮೇಲೆ ಬೆನ್ನಿಗೆ ಬೆನ್ನು ಹಾಕಿ ಇಬ್ಬರೂ ಒಂದೇ ಮಾತನ್ನು ನುಂಗುತ್ತಿದ್ದೆವಲ್ಲ ಎಂದುಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಅವರು ಕೂಗಿದ ಹಾಗೇ ಒಂದು ಸಲ ಹೇಳಿ. ನಿಮ್ಮ ದನೀಲಿ ಬೇಡ."

ಗುಡುಗು ಪ್ರಯತ್ನಪಟ್ಟ. ಕೆಮ್ಮಿದ, ಗಂಟಲು ಬಿಗಿದ. ಬಂದದ್ದು ಅದೇ ಸಿನಿಮಾದ ದನಿ. ಆಕೆ ಕಿವಿ ಮುಚ್ಚಿಕೊಂಡಳು.

"ಆಗ್ತಿಲ್ಲ ಅತ್ತಿಗೆ. ಅವನ ದನೀನ ಮುಚ್ಚೋದು ಕಲ್ತಿದೀನಿ, ತೆಗೆಯೋದು ಕಲ್ತಿಲ್ಲ."

"ಅಕ್ಕ, ಗಾಡಿ ಬಂತು," ಎಂದು ತಂಗಿ ಒಳಗೆ ಇಣುಕಿದಳು.

*

ಅಂದು ಅವನು ಪಾಪುವನ್ನು ಎತ್ತಿಕೊಂಡು ಬಂದಿದ್ದ ಈ ಮಣ್ಣು ಮಾಡುವ ಜಾಗಕ್ಕೆ ಆಕೆ ಬಂದದ್ದು ಇದೇ ಮೊದಲು. ತಂಗಿ ತೋಳು ಹಿಡಿದು ನಡೆಸುತ್ತ, ಆ ಗೋಡೆ ಬದಿಯ ದಿಬ್ಬಗಳೆಲ್ಲ ಮಕ್ಕಳದ್ದಂತೆ ಎಂದು ಹೇಳಿ, ಹೇಳಬಾರದಿತ್ತೆಂದು ನಾಲಿಗೆ ಕಚ್ಚಿಕೊಂಡಳು.

ಗುಂಡಿಯ ಸುತ್ತ ಜನ ಸೇರಿದರು. ಶವದ ಪೆಟ್ಟಿಗೆ ಇಳಿಸುವ ಮುಂಚೆ ಕ್ಯಾಮೆರಾದವರು ಗುಡುಗಿನ ಹೆಗಲ ಮೇಲೆ ಕೈಯಿಟ್ಟರು. "ಕೊನೇ ಸಲ ಆ ಮಾತು ಹೇಳಿಬಿಡಪ್ಪ. ಅವನು ಕೇಳಿಸ್ಕೊಂಡು ಹೋಗ್ಲಿ." ಹೌದು ಹೌದು ಎಂದರು ಹಲವರು. ಫೋನುಗಳು ಮೇಲೆದ್ದವು.

ಗುಡುಗು ಆಕೆಯ ಕಡೆ ನೋಡಿದ. ಅವನು ಕಣ್ಣು ಮುಚ್ಚಿ, ಕತ್ತನ್ನು ಹಿಂದಕ್ಕೆ ಚಾಚಿ, ಉಸಿರೆಳೆದುಕೊಂಡ.

"ಪಾಪೂ..."

ತೆಳ್ಳಗಿನ, ಅಂಚು ಸೀಳಿದ ದನಿ. ಒಂದು ಸಲವಲ್ಲ, ಮತ್ತೆ, ಮತ್ತೂ ಒಂದು ಸಲ. ಕೊನೆಯ ಅಕ್ಷರದಲ್ಲಿ ಒಡೆದು ಮೇಲಕ್ಕೆ ಹೋಗುತ್ತಿದ್ದದ್ದು ಥೇಟ್ ಗಂಡನದೇ. ಹಿಂದೆ ನಿಂತಿದ್ದ ಯಾರೋ ಕಿಸಕ್ಕೆಂದರು. ಫೋನು ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಪಾಪ, ದುಃಖಕ್ಕೆ ದನಿ ಬಿದ್ದುಹೋಯ್ತು," ಎಂದರು ಕ್ಯಾಮೆರಾದವರು.

ಎಲ್ಲರೂ ಗುಡುಗಿನ ತೆರೆದ ಬಾಯನ್ನೇ ನೋಡುತ್ತಿದ್ದರು. ಆಕೆ ಮಾತ್ರ ಪೆಟ್ಟಿಗೆಗೆ ಬೆನ್ನು ಹಾಕಿ, ಗೋಡೆ ಬದಿಯ ಹುಲ್ಲು ಮುಚ್ಚಿದ ಪುಟ್ಟ ದಿಬ್ಬಗಳ ಕಡೆ ತಿರುಗಿ ನಿಂತಿದ್ದಳು, ಕರೆದವರಿಗೆ ಅಲ್ಲಿಂದ ಯಾರಾದರೂ ಓಗೊಡುತ್ತಾರೇನೋ ಎಂಬಂತೆ.