ಮುನಸಿಪಾಲ್ಟಿ ಮುಂದೆ ಹಾಸು

ಅನಸವ್ವ ಬಾವಿಯಿಂದ ಕೊಡ ಎಳೆದು ಮೂಗಿನ ಹತ್ತಿರ ಹಿಡಿದಳು. ಅದೇ ಗಟಾರದ ನಾತ. ಬಾವಿಯ ಕಟ್ಟೆ ಒಡೆದು ಎರಡು ಮಳೆಗಾಲ ಕಳೆದಿದ್ದವು. ನೇಕಾರ ಗಲ್ಲಿಯ ಬಣ್ಣದ ನೀರು, ಬಚ್ಚಲ ನೀರು ಎಲ್ಲ ಒಳಗೇ ಇಳಿಯುತ್ತಿತ್ತು. ಹೋದ ತಿಂಗಳು ಅವಳ ಮೊಮ್ಮಗಳು ವಾಂತಿ-ಭೇದಿಯಾಗಿ, ಸತ್ತೇ ಹೋದಳು ಅನ್ನುವಷ್ಟಾಗಿ ಉಳಿದಿದ್ದಳು.

"ಎಷ್ಟು ದಿನಾಂತ ಕಾಸಿ ಕುಡಸ್ತೀರಿ? ಕಟ್ಟಿ ಕಟ್ಟಸ್ಬೇಕು," ಎಂದಳು ಗಲ್ಲಿಗೆ ಬಂದಿದ್ದ ದವಾಖಾನೆಯ ನರ್ಸ್ ಮಥುರಾಬಾಯಿ. "ಮುಂಬಯಿ ಸರಕಾರದಿಂದ ಊರಿಗೆ ಅನುದಾನ ಬಂದೈತಿ. ನಾಳಿ ಮುಂಜಾನಿ ಮುನಸಿಪಾಲ್ಟಿ ಸಭಾ. ಆ ರೊಕ್ಕದಾಗ ಪ್ಯಾಟಿ ದಾರಿಗೆ ಕಮಾನು ಕಟ್ಟಸ್ತಾರಂತ."

"ಕಮಾನಿನಾಗ ನೀರು ಸೇದ್ತಾರೇನು?"

"ಹೋಗಿ ಅವರನ್ನ ಕೇಳ್ರಿ. ಸಭಾದಾಗ ಊರವರು ಯಾರರೆ ಕುಂಡ್ರಬಹುದು."

ಮನೆಯಲ್ಲಿ ಗಂಡ ರಾಚಪ್ಪ ನೂಲಿಗೆ ಗಂಜಿ ಕದಡುತ್ತಿದ್ದ. "ನಾಳಿ ಹಾಸಿನ ನೂಲಿಗೆ ಗಂಜಿ ಹಚ್ಚೂದೈತಿ. ಬಿಟ್ಟು ಹ್ಯಾಂಗ ಹೋಗೂದು? ನಮ್ಮ ಮೆಂಬರ ಗಿರಮಲ್ಲಪ್ಪ ನೋಡ್ಕೋತಾನ."

"ಎರಡು ವರ್ಷದಿಂದ ನೋಡ್ಕೋತ ಅದಾನ. ನಾವು ಬರಬಾರದಂತನ ಮುಂಜಾನಿ ಸಭಾ ಇಡ್ತಾರ."

ಅಂದ ಮೇಲೆ ಅವಳಿಗೇ ಸಿಟ್ಟು ನೆತ್ತಿಗೇರಿತು. ಬೆಳಗಾದರೆ ಇಡೀ ಗಲ್ಲಿ ಬೀದಿಯುದ್ದಕ್ಕೂ ಹಾಸನ್ನು, ಮಗ್ಗಕ್ಕೇರಿಸುವ ಉದ್ದೆಳೆಯ ನೂಲನ್ನು, ಗೂಟಗಳಿಗೆ ಎಳೆದು ಕಟ್ಟುತ್ತದೆ. ಗಂಜಿ ಒಣಗುವ ಮೊದಲು ಕುಂಚ ಆಡಿಸಬೇಕು. ಯಾರೂ ಜಾಗ ಬಿಡುವಂತಿಲ್ಲ.

"ಹಾಸು ಗಲ್ಲಿಯಾಗ ಹೂಡಬೇಕಂತ ಯಾರು ಹೇಳ್ಯಾರ? ಮುನಸಿಪಾಲ್ಟಿ ಮುಂದೂ ಜಾಗಾ ಐತಿ."

"ಹುಚ್ಚು ಹಿಡದೈತೇನ ನಿನಗ? ಮಂದಿ ನಗ್ತಾರ."

ಅಷ್ಟರಲ್ಲಿ ಮೊಮ್ಮಗಳು ನೀರು ಕೇಳಿದಳು. ರಾಚಪ್ಪ ತಂಬಿಗೆ ಎತ್ತಿ, ಮೂಸಿ, ಕೂಸಿಗೆ ಕೊಡದೆ ಕೆಳಗಿಟ್ಟ. ಆಮೇಲೆ ಗೂಟ ಹುಡುಕಲು ಎದ್ದ.

ಮರುದಿನ ಮುಂಜಾನೆ ಗಲ್ಲಿಯವರೆಲ್ಲ ಸೇರಿ ಎಳೆದ ಹಾಸು ಮುನಸಿಪಾಲ್ಟಿಯ ಬಾಗಿಲಿಗೆ ಅಡ್ಡಲಾಗಿ ನಿಂತಿತು. ಆ ಸೀಮೆಯಲ್ಲಿ ಎಳೆದ ಹಾಸನ್ನು ಯಾರೂ ದಾಟುವುದಿಲ್ಲ. ಗಾಡಿಯವನೂ ಎತ್ತು ತಿರುಗಿಸಿಕೊಂಡು ಹೋಗುತ್ತಾನೆ. ಅಧ್ಯಕ್ಷ ಬಾಳಾಸಾಹೇಬರು ಧೋತರದ ಚುಂಗು ಹಿಡಿದು ಅಲ್ಲೇ ನಿಂತರು.

"ದಾರಿ ಬಿಡ್ರಿ."

"ನಿಮ್ಮನ್ನ ಹಿಡದವರು ಯಾರ್ರಿ? ದಾಟಿ ಹೋಗ್ರಿ," ಎಂದಳು ಅನಸವ್ವ.

ಗಿರಮಲ್ಲಪ್ಪ ಕೆಮ್ಮಿದ. "ಹೋದ ಸಭಾದಾಗ ಕಮಾನಿಗೆ ಯಾರೂ ತಕರಾರು ಮಾಡಲಿಲ್ಲಲ್ಲ."

ರಾಚಪ್ಪ ಕುಂಚ ನಿಲ್ಲಿಸದೆ ಹೇಳಿದ: "ಗಂಜಿ ಹಚ್ಚೂ ಹೊತ್ತಿಗೆ ಸಭಾ ಇಟ್ಟು ಯಾರೂ ಬರಲಿಲ್ಲ ಅಂತೀಯಲ್ಲೋ ಗಿರಮಲ್ಲ. ಇವತ್ತ ಬಂದೀವಿ ನೋಡು."

ಅನಸವ್ವ ಹಾಸಿನ ಮೇಲಿಂದ ತಂಬಿಗೆ ಚಾಚಿದಳು. "ನಮ್ಮ ಬಾವಿ ನೀರು. ಕುಡೀರಿ. ಕುಡದು ಆಮ್ಯಾಲ ಕಮಾನು ಕಟ್ರಿ."

ಒಂದು ಕೈಯೂ ಮುಂದೆ ಬರಲಿಲ್ಲ.

ಗಂಜಿ ಒಣಗಿ ಹಾಸು ಸುತ್ತಿದ ಮೇಲೆ, ಮಧ್ಯಾಹ್ನ ಸಭೆ ಕೂಡಿತು. ಗಲ್ಲಿಯ ಹೆಣ್ಣು ಗಂಡು ಎಲ್ಲ ಗೋಡೆಗುಂಟ ಕುಳಿತರು. ಕಮಾನಿನ ಬದಲು ಬಾವಿಯ ಕಟ್ಟೆ, ಗಟಾರ ಎರಡೂ ಮಂಜೂರಾದವು. ಮೊದಲು ಕೈ ಎತ್ತಿದವನು ಗಿರಮಲ್ಲಪ್ಪನೇ.

"ಆತಲ್ಲ, ಇನ್ನರೆ ನಗು," ಎಂದ ರಾಚಪ್ಪ. ಅನಸವ್ವ ನಗಲಿಲ್ಲ. ಎರಡು ಮಳೆಗಾಲ ಆ ನೀರನ್ನು ಕೂಸಿಗೆ ಕುಡಿಸುತ್ತ ಬಾಯಿ ಮುಚ್ಚಿಕೊಂಡಿದ್ದು ತಾನೇ ಎಂಬ ಸಿಟ್ಟು ಇನ್ನೂ ಆರಿರಲಿಲ್ಲ.

ತಾಯಂದಿರೇ, ಅಣ್ಣಂದಿರೇ, ಊರಿಗೆ ಬರುವ ಅನುದಾನ ನಿಮ್ಮದು. ಸಭೆ ಯಾವಾಗ ಎಂದು ಕೇಳಿರಿ, ಹೋಗಿ ಕುಳಿತುಕೊಳ್ಳಿರಿ. ಹೊತ್ತು ಒಗ್ಗದಿದ್ದರೆ ಹೊತ್ತು ಬದಲಿಸಲು ಹೇಳಿರಿ. ನೀವು ಮನೆಯಲ್ಲಿ ಉಳಿದರೆ, ನೀವೂ ಒಪ್ಪಿದ್ದೀರಿ ಎಂದೇ ಅಲ್ಲಿ ಬರೆದುಕೊಳ್ಳುತ್ತಾರೆ.