ನೆಲದ ಮೇಲೆ ನಿಂತ ಅಳತೆ

ಗಾಡಿ ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂತು ಮೂರನೆಯ ವಾರ ನಡೆಯುವಾಗ ನಡೀನ್‌ಗೆ ಗಂಡನ ಮುಖವೇ ಮರೆತುಹೋಗುವಂತಾಗಿತ್ತು. ಗಾಡಿಯಡಿಯಿಂದ ಹೊರಚಾಚಿದ ಅವನ ಬೂಟುಗಳ ಪರಿಚಯ ಮಾತ್ರ ಚೆನ್ನಾಗಿ ಆಗಿತ್ತು. ಎಡಗಾಲಿನದರ ಅಟ್ಟೆ ಬಾಯಿ ಬಿಟ್ಟಿತ್ತು. ಕಾಫಿ ತಂದರೆ ಬೂಟಿಗೆ ಹೇಳಬೇಕು, ಊಟಕ್ಕೆ ಬೂಟನ್ನೇ ಕರೆಯಬೇಕು. "ಸೋಮವಾರಕ್ಕೆ ಆಗುತ್ತಾ, ವೆಂಡಲ್?" ಎಂದು ಕೇಳಿದರೆ ಉತ್ತರವೂ ಬೂಟಿನ ದಿಕ್ಕಿನಿಂದಲೇ ಬರುತ್ತಿತ್ತು.

"ಆಗದೆ ಏನು!"

ಸೋಮವಾರ ಎಂದರೆ ಏಪ್ರಿಲ್‌ನ ಎರಡನೆಯ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಅಂಚೆ ಕಚೇರಿಯ ಪತ್ರದಲ್ಲಿ ಹಾಗೇ ಇತ್ತು. ಐವತ್ಮೂರನೆಯ ವಯಸ್ಸಿನಲ್ಲಿ ನಡೀನ್‌ಗೆ ಮೊದಲ ನೌಕರಿ ಸಿಕ್ಕಿತ್ತು, ಅಂಚೆ ಹಂಚುವುದು. ಮೂರನೆಯ ಮಾರ್ಗ, ಎಪ್ಪತ್ತೆರಡು ಮೈಲಿ, ಮನೆಮನೆಯ ಮುಂದೆ ನೆಟ್ಟ ನೂರಾ ಹದಿನಾಲ್ಕು ಅಂಚೆ ಡಬ್ಬಿ. ಗಾಡಿ ಅವಳದೇ ಆಗಿರಬೇಕು. ಸೋಮವಾರ ಗಾಡಿ ಬರದಿದ್ದರೆ ಕೆಲಸವು ಪಟ್ಟಿಯಲ್ಲಿನ ಎರಡನೆಯವನಿಗೆ ಹೋಗುತ್ತದೆ ಎಂದು ಪೋಸ್ಟ್‌ಮಾಸ್ಟರ್ ಇಮೋಜೀನ್ ಮೆಲ್ಲಗೆ, ಆದರೆ ಎರಡು ಸಲ ಹೇಳಿದ್ದಳು.

ಗಾಡಿಯೇನೋ ಇತ್ತು. ಅಪ್ಪ ಬಿಟ್ಟುಹೋದ ಉದ್ದ ತೊಟ್ಟಿಯ ಹಸಿರು ಪಿಕಪ್. ತೊಂದರೆ ಇದ್ದದ್ದು ಅದರ ಕ್ಲಚ್ಚಿನಲ್ಲಿ. ಕ್ಯಾನ್ಸಸ್‌ನಲ್ಲಿ ಅಂಚೆ ಡಬ್ಬಿಗಳೆಲ್ಲ ರಸ್ತೆಯ ಬಲಕ್ಕೆ, ಸ್ಟಿಯರಿಂಗ್ ಗಾಡಿಯ ಎಡಕ್ಕೆ. ಹಾಗಾಗಿ ಹಳ್ಳಿ ಮಾರ್ಗದ ಅಂಚೆಯವರು ಉದ್ದನೆಯ ಸೀಟಿನ ಬಲತುದಿಗೆ ಸರಿದು ಕೂತು, ಎಡಗೈಯನ್ನು ಚಾಚಿ ಸ್ಟಿಯರಿಂಗ್ ಹಿಡಿದು, ಎಡಗಾಲನ್ನು ಚಾಚಿ ಬ್ರೇಕು ಎಕ್ಸಿಲರೇಟರು ಒತ್ತುತ್ತಾ, ಬಲಗೈಯಿಂದ ಡಬ್ಬಿಗೆ ಕಾಗದ ಹಾಕುತ್ತಾರೆ. ಅಷ್ಟು ಮಾಡಲು ಒಂದು ಕಾಲು ಸಾಕು. ಕ್ಲಚ್ಚಿಗೆ ಇನ್ನೊಂದು ಕಾಲು ಬೇಕಲ್ಲ, ಅದನ್ನು ಎಲ್ಲಿಂದ ತರುವುದು?

"ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸ್ತೀನಿ ಬಿಡು, ಕ್ಲಚ್ಚೇ ಇರಲ್ಲ," ಎಂದಿದ್ದ ವೆಂಡಲ್. ಅವನ ತಮ್ಮ ಕರ್ಟ್‌ನ ಪಿಕಪ್ ಜಿಂಕೆಗೆ ಗುದ್ದಿ ಮೂತಿ ಕಳೆದುಕೊಂಡು ಕೊಟ್ಟಿಗೆಯ ಹಿಂದೆ ಬಿದ್ದಿತ್ತು. ಅದರಲ್ಲಿ ಆಟೋಮ್ಯಾಟಿಕ್ ಇತ್ತು. "ಅದೇ ಕಂಪನಿ, ಅದೇ ಕಾಲದ್ದು. ಒಂದೇ ಬಸುರಲ್ಲಿ ಹುಟ್ಟಿದ ಹಾಗೆ. ಶನಿವಾರ ಬಿಚ್ಚಿದ್ರೆ ಭಾನುವಾರ ಚರ್ಚಿಗೆ ಅದ್ರಲ್ಲೇ ಹೋಗಬಹುದು."

ಯಾವ ಭಾನುವಾರ ಎಂದು ಅವನು ಹೇಳಿರಲಿಲ್ಲ. ಅದು ನಡೀನಳದೇ ತಪ್ಪು, ಕೇಳಬೇಕಿತ್ತು.

ಕ್ಯಾನ್ಸಸ್‌ನ ಆ ಭಾಗದಲ್ಲಿ ಬಾನೆಟ್ ಎತ್ತಿದ ಗಾಡಿಯೆಂದರೆ ಸಾವಾದ ಮನೆಯಿದ್ದಂತೆ, ಕರೆಯದೇ ಬರಬೇಕು. ಕರ್ಟ್ ದಿನವೂ ಬಂದ. ಮೂರು ಮೈಲಿ ಆಚೆಯ ಗೋಧಿ ರೈತರು ಬಂದರು, ಪಾದ್ರಿಯೂ ಒಮ್ಮೆ ಬಂದ. ಎಲ್ಲರೂ ಮಡ್ಗಾರ್ಡಿಗೆ ಮೊಣಕೈ ಊರಿ, ಒಳಗೆ ಇಣುಕಿ, ಒಂದು ಸಲ ನಿಟ್ಟುಸಿರು ಬಿಟ್ಟರು. ಆಮೇಲೆ ಅವರವರು ಕಂಡ ಇದಕ್ಕಿಂತ ಕೆಟ್ಟ ಗಾಡಿಗಳ ಕಥೆ ಹೇಳಿದರು. ನಡೀನ್ ಮಾಡಿದ ಬೀನ್ಸ್-ಮಾಂಸದ ಚಿಲಿ ಮತ್ತು ದಾಲ್ಚಿನ್ನಿ ಬನ್ ಖಾಲಿಯಾಗುತ್ತಿದ್ದ ವೇಗದಲ್ಲಿ ಕೆಲಸ ನಡೆದಿದ್ದರೆ ಗಾಡಿ ಎರಡನೆಯ ದಿನವೇ ಓಡಬೇಕಿತ್ತು.

ಗೇರ್‌ಬಾಕ್ಸ್ ಕೂತಿತು, ನಿಜ. ಹೊಸದು ಹಳೆಯದಕ್ಕಿಂತ ಒಂದು ಗೇಣು ಉದ್ದ. ಅದರ ಬಾಲದಿಂದ ಹಿಂದಿನ ಚಕ್ರಗಳ ತನಕ ತಿರುಗುವ ಉದ್ದ ಕೊಳವೆಗೆ ಶಾಫ್ಟ್ ಎನ್ನುತ್ತಾರೆ. ಅಪ್ಪನ ಗಾಡಿಯ ಶಾಫ್ಟ್ ಈಗ ಅತಿ ಉದ್ದವಾಯಿತು. ಕರ್ಟ್‌ನದು ಗಿಡ್ಡ ತೊಟ್ಟಿಯ ಗಾಡಿ, ಅದರ ಶಾಫ್ಟ್ ಅತಿ ಗಿಡ್ಡ. ಒಂದೇ ಬಸುರಿನ ಮಕ್ಕಳು ಎಂದರೂ ಕಾಲು ಬೇರೆ ಬೇರೆ.

"ಉದ್ದ ಇರೋದನ್ನ ಕತ್ತರಿಸಿದರಾಯ್ತು. ಎಲ್ಡನ್ ವೆಲ್ಡಿಂಗ್ ಶಾಪಲ್ಲಿ ಅರ್ಧ ದಿನದ ಕೆಲಸ," ಎಂದ ಕರ್ಟ್, ಅವನೇ ಕತ್ತರಿಸುವವನಂತೆ.

ವೆಂಡಲ್ ಅಳತೆ ತೆಗೆದ ದಿನ ನಡೀನ್ ಕಾಫಿ ಹಿಡಿದು ಅಲ್ಲೇ ನಿಂತಿದ್ದಳು. ಗಾಡಿಯ ಹಿಂಚಕ್ರಗಳು ನೆಲದಿಂದ ಮೇಲೆ ಜೋತುಬಿದ್ದಿದ್ದವು, ನೇಣು ಹಾಕಿದ ಕೋಳಿಯ ಕಾಲುಗಳಂತೆ.

ಇಪ್ಪತ್ತೆಂಟು ವರ್ಷಗಳಿಂದ ಅವಳು ಊರಿನ ಹೆಣ್ಣುಮಕ್ಕಳ ಮದುವೆ ನಿಲುವಂಗಿಗಳ ಅಂಚು ಮಡಚಿ ಹೊಲಿದಿದ್ದಳು. ಅದನ್ನು ಯಾರೂ ನೌಕರಿ ಎಂದಿರಲಿಲ್ಲ, ಅವಳೂ ಅಂದಿರಲಿಲ್ಲ. ಅಂಚು ಅಳೆಯುವಾಗ ಹುಡುಗಿ ಮದುವೆಯ ದಿನದ ಚಪ್ಪಲಿಯನ್ನೇ ಹಾಕಿ ನಿಂತಿರಬೇಕು. ಕುರ್ಚಿಯ ಮೇಲೆ ಕೂತರೆ ಆಗದು, ಬರಿಗಾಲಲ್ಲಿ ನಿಂತರೂ ಆಗದು.

"ವೆಂಡಲ್, ಚಕ್ರ ಜೋತಾಡ್ತಿದೆ. ಕೆಳಗಿಳಿಸಿದ ಮೇಲೆ ಅಳತೆ ಬೇರೆ ಆಗಲ್ವಾ?"

ಕರ್ಟ್ ನಕ್ಕ.

"ಅತ್ತಿಗೆ, ಇದು ಲಂಗ ಅಲ್ಲ, ಕಬ್ಬಿಣ. ಕಬ್ಬಿಣ ಹಿಗ್ಗಲ್ಲ, ಕುಗ್ಗಲ್ಲ."

"ಕಾಫಿ ಅಲ್ಲಿಡು, ಚಿನ್ನಾ," ಎಂದ ವೆಂಡಲ್. ಅವನು 'ಚಿನ್ನಾ' ಎಂದರೆ ಮಾತು ಮುಗಿಯಿತು ಎಂದರ್ಥ.

ನಡೀನ್ ಕಾಫಿ ಇಟ್ಟು ಒಳಗೆ ಬಂದು ಪಾತ್ರೆ ತೊಳೆದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮದುವೆಯಾದ ಹೊಸತರಲ್ಲಿ ಅವಳಿಗೆ ವಾದಿಸುವ ಚಟವಿತ್ತು. ಗೆದ್ದರೂ ಮನೆಯಲ್ಲಿ ಮೂರು ದಿನ ಮೌನ, ಸೋತರೂ ಮೂರು ದಿನ ಮೌನ. ಲೆಕ್ಕ ಒಂದೇ ಆದಮೇಲೆ ಗಂಟಲು ಯಾಕೆ ನೋಯಿಸಿಕೊಳ್ಳಬೇಕೆಂದು ಬಿಟ್ಟಿದ್ದಳು. ಹೀಗೆ ಬಿಟ್ಟದ್ದನ್ನು ಊರು 'ನಡೀನ್ ತಾಳ್ಮೆಯವಳು' ಎಂದು ಹೊಗಳುತ್ತಿತ್ತು. ಹೊಗಳಿಕೆ ಕೇಳಿದಾಗಲೆಲ್ಲ ಅವಳಿಗೆ ಬಾಯೊಳಗೆ ಗುಂಡುಪಿನ್ನುಗಳನ್ನು ಕಚ್ಚಿ ನಿಂತ ನೆನಪಾಗುತ್ತಿತ್ತು. ಪಿನ್ನು ಕಚ್ಚಿದವಳು ಮಾತಾಡಲಾರಳು. ಅದನ್ನು ಯಾರೂ ತಾಳ್ಮೆ ಎನ್ನುವುದಿಲ್ಲ, ಅಷ್ಟೆ.

ಶಾಫ್ಟ್ ಕತ್ತರಿಸಿಕೊಂಡು ಬಂತು. ಶುಕ್ರವಾರ ಮಧ್ಯಾಹ್ನ ಜೋಡಿಸಿದರು. ಜೋತಾಡುವ ಚಕ್ರಕ್ಕೆ ಅದು ಅಚ್ಚುಕಟ್ಟಾಗಿ ಕೂತಿತು. "ಕೈಗವಸು ಕೂತ ಹಾಗೆ ಕೂತಿದೆ ನೋಡು," ಎಂದು ವೆಂಡಲ್ ಹೊರಗೆ ತೆವಳಿ ಬಂದ. ಮೂರು ವಾರಗಳ ನಂತರ ನಡೀನ್ ಅವನ ಪೂರ್ತಿ ಮುಖ ಕಂಡಳು. ಸಂತೋಷದಲ್ಲಿ ಅದು ಹತ್ತು ವರ್ಷ ಚಿಕ್ಕದಾಗಿತ್ತು. ಅವಳಿಗೆ ಅರೆಕ್ಷಣ ಅಯ್ಯೋ ಅನಿಸಿತು.

ಸ್ಟ್ಯಾಂಡು ತೆಗೆದು ಗಾಡಿಯನ್ನು ಇಳಿಸಿದರು. ಭಾರ ಚಕ್ರದ ಮೇಲೆ ಬೀಳುತ್ತಿದ್ದಂತೆ ಹಿಂಚಕ್ರಗಳ ಅಚ್ಚು ಮೇಲೆದ್ದಿತು, ಶಾಫ್ಟ್ ಮುಂದಕ್ಕೆ ಸರಿಯಿತು. ಅದರ ಮೂತಿ ಗೇರ್‌ಬಾಕ್ಸಿನ ಬಾಲದೊಳಗೆ ಹೋಗಿ, ಇನ್ನು ಜಾಗವಿಲ್ಲದೆ, 'ಠಣ್' ಎಂದಿತು. ಗಾಡಿಯ ಹಿಂಭಾಗ ಪೂರ್ತಿ ಕೂರದೆ, ಪೃಷ್ಠ ಎತ್ತಿದ ಬಾತುಕೋಳಿಯಂತೆ ನಿಂತಿತು.

"ಕೂರುತ್ತೆ, ಓಡಿದ ಮೇಲೆ," ಎಂದ ವೆಂಡಲ್.

ಓಡಿತು. ಅಂಗಳ ದಾಟಿ ಮೋರಿಯ ಗುಂಡಿಗೆ ಇಳಿಯುತ್ತಿದ್ದಂತೆ ಹಿಂಚಕ್ರ ಎದ್ದು, ಗೇರ್‌ಬಾಕ್ಸಿನೊಳಗೆ ಯಾರೋ ಸುತ್ತಿಗೆಯಿಂದ ಹೊಡೆದಂತೆ ಸದ್ದಾಯಿತು. ವೆಂಡಲ್ ಬಾಗಿಲು ತೆರೆದು ಇಳಿದ.

"ಸ್ಪ್ರಿಂಗ್ ಪಟ್ಟಿಗಳೇ ಸೋತಿವೆ," ಎಂದ ಕರ್ಟ್. "ನಿಮ್ಮಪ್ಪ ಯಾವಾಗ್ಲೂ ಜಾಸ್ತಿ ಲೋಡ್ ಹಾಕ್ತಿದ್ರು, ಅತ್ತಿಗೆ."

ಸತ್ತು ಆರು ವರ್ಷವಾದ ಅಪ್ಪ ಹೀಗೆ ಸಿಕ್ಕಿಬಿದ್ದ.

"ಗೇರ್‌ಬಾಕ್ಸ್ ಒಡೆದಿದ್ಯಾ?" ನಡೀನ್ ಕೇಳಿದಳು.

ವೆಂಡಲ್ ಬಗ್ಗಿ ಕೆಳಗೆ ನೋಡಿದ. "ಇಲ್ಲ. ಎಣ್ಣೆ ಸೋರ್ತಿಲ್ಲ." ಮತ್ತೆ ತಗ್ಗಿದ ದನಿಯಲ್ಲಿ, "ಇಮೋಜೀನ್‌ಗೆ ಫೋನ್ ಮಾಡು. ಇನ್ನೊಂದು ವಾರ ಕೇಳು. ಕೊಟ್ರೆ ಕೊಡ್ತಾರೆ, ಇಲ್ದಿದ್ರೆ ನಿಂಗೆ ಹೊಲಿಗೆ ಇದ್ದೇ ಇದೆಯಲ್ಲ."

ಇದ್ದೇ ಇದೆಯಲ್ಲ! ನಡೀನ್ ಬಾಯಲ್ಲಿದ್ದ ಅಷ್ಟೂ ವರ್ಷಗಳ ಪಿನ್ನುಗಳನ್ನು ಆಗ ಉಗುಳಿದಳು. ಕೂಗಲಿಲ್ಲ. ಒಳಗೆ ಹೋಗಿ ಹೊಲಿಗೆ ಡಬ್ಬಿಯಿಂದ ಟೇಪು, ಸೀಮೆಸುಣ್ಣ ತಂದಳು. ಬ್ರೆಡ್ಡಿನ ಖಾಲಿ ಪ್ಲಾಸ್ಟಿಕ್ ಚೀಲವನ್ನೂ ರಬ್ಬರ್ ಬ್ಯಾಂಡನ್ನೂ ತಂದಳು.

"ಗಾಡಿ ತಳ್ಳಿ, ಕೊಟ್ಟಿಗೆಯ ಸಿಮೆಂಟ್ ನೆಲಕ್ಕೆ. ಶಾಫ್ಟ್ ಬಿಚ್ಚಿ. ಮೂತಿ ಬೇರೆ ಮಾಡಿ ನನ್ನ ಕೈಗೆ ಕೊಡಿ. ಕರ್ಟ್, ಕೋಳಿ ಆಹಾರದ ಮೂರು ಮೂಟೆ ತೊಟ್ಟಿಗೆ ಹಾಕು."

"ಮೂಟೆ ಯಾಕೆ ಅತ್ತಿಗೆ?"

"ಸೋಮವಾರ ಅಂಚೇಲಿ ಇಷ್ಟೇ ಭಾರದ ಕ್ಯಾಟಲಾಗ್‌ಗಳು ಬರ್ತವೆ. ಗಾಡಿ ಬರಿಗಾಲಲ್ಲಿ ಮದುವೆಗೆ ಹೋಗಲ್ಲ."

ಕರ್ಟ್‌ಗೆ ಅರ್ಥವಾಗಲಿಲ್ಲ, ಆದರೆ ಮೂಟೆ ಹೊತ್ತ. ಅತ್ತಿಗೆಯ ಈ ದನಿ ಅವನಿಗೆ ಹೊಸದು.

ಗಾಡಿ ತನ್ನ ನಾಲ್ಕೂ ಕಾಲ ಮೇಲೆ, ಬೆನ್ನ ಮೇಲೆ ಭಾರ ಹೊತ್ತು ನಿಂತಿತು. ಈಗ ನಡೀನಳ ಬೂಟು ಹೊರಗೆ, ವೆಂಡಲ್‌ನ ಮುಖ ಹೊರಗೆ. ಕೆಳಗೆ ಗಾಡಿಯ ಹೊಟ್ಟೆ ಮೂಗಿಗೆ ತಾಗುವಷ್ಟು ಹತ್ತಿರ. ಅಪ್ಪನ ಗಾಡಿಯ ಕೆಳಭಾಗವನ್ನು ಅವಳು ಮೊದಲ ಸಲ ಕಂಡಳು. ಒಂದು ತೊಲೆಯ ಮೇಲೆ ಅಪ್ಪ ಎಂದೋ ಬಣ್ಣದಲ್ಲಿ ಬರೆದ ಎಣ್ಣೆ ಬದಲಿಸಿದ ತಾರೀಕು ಇತ್ತು. ಅದನ್ನು ಬೆರಳಿಂದ ಒರೆಸಿ ನೋಡಿದಳು, ಮತ್ತೆ ಕೆಲಸಕ್ಕೆ ಹತ್ತಿದಳು. ಎಣ್ಣೆ ಸೋರದಂತೆ ಗೇರ್‌ಬಾಕ್ಸಿನ ಬಾಲಕ್ಕೆ ಕಟ್ಟಿದ್ದ ಬ್ರೆಡ್ಡಿನ ಚೀಲ ತೆಗೆದು ಮೂತಿಯನ್ನು ಬಾಲದೊಳಗೆ ತುದಿಮುಟ್ಟ ತಳ್ಳಿದಳು. ಗುಂಡಿಯಲ್ಲಿ ಕುಪ್ಪಳಿಸಲು ಸಡಿಲವಿರಲೆಂದು ಒಂದು ಅಂಗುಲ ಹಿಂದಕ್ಕೆಳೆದು ಸೀಮೆಸುಣ್ಣದಿಂದ ಗೆರೆ ಹಾಕಿದಳು. ಅಲ್ಲಿಂದ ಹಿಂದಿನ ಅಚ್ಚಿನ ತನಕ ಟೇಪು ಎಳೆದಳು. ಮೂರು ಸಲ ಅಳೆದಳು, ಮೂರೂ ಸಲ ಒಂದೇ ಬಂತು. ಕೆಂಪು ಎಣ್ಣೆ ಕಿವಿಗೆ ತೊಟ್ಟಿಕ್ಕಿತು.

"ಎಷ್ಟು?" ಎಂದ ವೆಂಡಲ್.

"ನಿನ್ನದಕ್ಕಿಂತ ಒಂದೂಮುಕ್ಕಾಲು ಅಂಗುಲ ಕಮ್ಮಿ."

ವೆಂಡಲ್ ಟೋಪಿ ತೆಗೆದು ಒಳಗೆ ಇಣುಕಿದ, ಅಲ್ಲಿ ಬೇರೆ ಅಳತೆ ಬರೆದಿದೆಯೇನೋ ಎಂಬಂತೆ.

ಎಲ್ಡನ್‌ನ ಶಾಪು ಶನಿವಾರ ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಬೆಳಿಗ್ಗೆ ನಡೀನ್ ಶಾಫ್ಟನ್ನು ಹಳೆ ರಜಾಯಿಯಲ್ಲಿ ಸುತ್ತಿ, ವೆಂಡಲ್ ಯಾರಿಗೂ ಮುಟ್ಟಲು ಬಿಡದ ತನ್ನ ಹೊಸ ಪಿಕಪ್ಪಿನಲ್ಲಿಟ್ಟು, ಅವನ ಮುಂದೆಯೇ ಕೀಲಿ ತಿರುಗಿಸಿದಳು. "ಕ್ಲಚ್ ಸ್ವಲ್ಪ ಬಿಗಿ," ಎಂದಷ್ಟೇ ಹೇಳಿದ ಅವನು, ಬೇರೇನೋ ಹೇಳಬೇಕೆಂದಿದ್ದವನು.

ಎಲ್ಡನ್ ಅರವತ್ತೈದರ ಮುದುಕ. ಅವಳು ಕೊಟ್ಟ ಅಳತೆಯ ಕಾಗದ ನೋಡಿ ಕನ್ನಡಕದ ಮೇಲಿಂದ ದಿಟ್ಟಿಸಿದ.

"ಈ ಅಳತೆ ಯಾರದು?"

"ನಂದು."

"ಚಕ್ರ ನೆಲದ ಮೇಲೆ ಇತ್ತಾ?"

"ನೆಲದ ಮೇಲೆ. ತೊಟ್ಟೀಲಿ ಮೂರು ಮೂಟೆ."

"ಹೋದ ವಾರದ್ದು?"

"ಅದು ಹಾರ್‍ತಾ ಇದ್ದ ಗಾಡಿದು."

ಎಲ್ಡನ್ ನಗಲಿಲ್ಲ, ಆದರೆ ಮೀಸೆ ಅಲುಗಿತು. "ತಿಂಗಳಿಗೆ ಐದಾರು ಮಂದಿ ಹಾರೋ ಗಾಡಿ ತರ್ತಾರೆ, ಅಕ್ಕಾ. ತಪ್ಪು ಅಂತ ಹೇಳಿದ್ರೆ ಈ ಮುದುಕಂಗೇನು ಗೊತ್ತು ಅಂತಾರೆ. ನಿಮ್ಮ ಪುಣ್ಯ, ಉದ್ದ ಆಯ್ತು. ಗಿಡ್ಡ ಆಗಿದ್ರೆ ಎಸೀಬೇಕಿತ್ತು."

"ಉದ್ದ ಇದ್ರೆ ಮಡಚಬಹುದು," ಎಂದಳು ನಡೀನ್. ಕತ್ತರಿಸಿ, ಬೆಸೆದು, ತಿರುಗಿಸಿ ತೂಕ ಸರಿಮಾಡುವ ತನಕ ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಯಾರೂ ಕಾಫಿ ತರಲು ಹೇಳಲಿಲ್ಲ. ಎಲ್ಡನ್ನೇ ತಂದುಕೊಟ್ಟ.

ಸೋಮವಾರ ಏಳಕ್ಕೆ ಐದು ನಿಮಿಷ ಇರುವಾಗ ಹಸಿರು ಪಿಕಪ್ ಅಂಚೆ ಕಚೇರಿಯ ಹಿಂಬಾಗಿಲಲ್ಲಿತ್ತು. ಅರವತ್ತರ ವೇಗದಲ್ಲೂ ಸೀಟಿನ ಕೆಳಗೆ ನಡುಕವಿಲ್ಲ. ಹತ್ತನೆಯ ಡಬ್ಬಿಯ ಹೊತ್ತಿಗೆ ಎಡಗಾಲು ಪಳಗಿತು. ಮೂವತ್ತೊಂದನೆಯದರ ಬಳಿ ಒಬ್ಬ ಗೋಧಿ ರೈತ ಕೈ ಅಡ್ಡ ಹಾಕಿ ನಿಲ್ಲಿಸಿದ.

"ಹೋಟ್ಲಲ್ಲಿ ವೆಂಡಲ್ ಹೇಳ್ತಿದ್ದ, ಭಾರ ಹಾಕಿ ನಿಲ್ಲಿಸಿ ಅಳೀಬೇಕಂತೆ. ಇಷ್ಟು ವರ್ಷ ನಮಗ್ಯಾರಿಗೂ ಹೊಳೀಲಿಲ್ಲ ನೋಡು. ತಲೆ ಇದೆ ನಿನ್ನ ಗಂಡಂಗೆ."

"ಇದೆ," ಎಂದಳು ನಡೀನ್, ಅವನ ಬೀಜದ ಕ್ಯಾಟಲಾಗ್ ಕೊಡುತ್ತಾ. "ಮೂರು ವಾರ ಕಂಡಿರ್ಲಿಲ್ಲ, ಅಷ್ಟೆ."

ಅರವತ್ತೆಂಟನೆಯ ಡಬ್ಬಿ ಅವಳ ಮನೆಯದೇ. ವೆಂಡಲ್ ಅದರ ಮುಂದೆ ನಿಂತು, ಗಟ್ಟಿಯಾಗಿಯೇ ಇದ್ದ ಕಂಬವನ್ನು ಅಲುಗಿಸಿ ನೋಡುತ್ತಿದ್ದ.

"ನಡುಗ್ತಾ ಇದ್ಯಾ?" ಎಂದ.

"ಇಲ್ಲ."

"ಗುಂಡೀಲಿ?"

"ಇಲ್ಲ."

ಅವನು ಗಾಡಿಯ ಕೆಳಗೆ ಬಗ್ಗಿ ನೋಡಿ, ಎದ್ದು, ಕೈ ಒರೆಸಿಕೊಂಡ. "ನಾನು ಹೇಳಿರ್ಲಿಲ್ವಾ, ಸೋಮವಾರಕ್ಕೆ ಆಗದೆ ಏನು ಅಂತ!"

ನಡೀನ್ ಅವನ ಬೂಟು ನೋಡಿದಳು. ಎಡಗಾಲಿನದು ಇನ್ನೂ ಬಾಯಿ ಬಿಟ್ಟೇ ಇತ್ತು. ಬಲಗೈಯಲ್ಲಿ ಎರಡು ಕಾಗದ ಹಿಡಿದು, ಎಡಗಾಲನ್ನು ಬ್ರೇಕಿನ ಮೇಲಿಟ್ಟು ಅವಳು ಕಾದಳು.

"ಡಬ್ಬಿ ಮುಂದೆ ನಿಲ್ಲಬೇಡಿ ಸಾರ್," ಎಂದಳು. "ಇನ್ನೂ ನಲವತ್ತಾರು ಮನೆ ಇದೆ ನಂಗೆ."

ಅವನು ಪಕ್ಕಕ್ಕೆ ಸರಿದ.