ಉಪ್ಪಿನ ಶಾಖ

ಗುಂಡ್ಲುಪೇಟೆ ಕಡೆಯ ಮದ್ದೂರು ಕಾಡಿನ ಅಂಚಿನ ರೆಸಾರ್ಟ್‌ನಲ್ಲಿ ಧನುರ್ಮಾಸದ ಮಂಜು ಇನ್ನೂ ಹುಲ್ಲಿನ ಮೇಲೆ ಕೂತಿತ್ತು. ಅಲ್ಲಿನ ಒಂಬತ್ತು ಕುಳಿಯ ಗಾಲ್ಫ್ ಮೈದಾನದಲ್ಲಿ ಆ ಬೆಳಗಿನ ಆಟ ಪವಿತ್ರ ಮತ್ತು ಸ್ಪಂದನಾ ನಡುವೆ. ಗೆದ್ದವಳು ಮೈಸೂರಿನ ಪಂದ್ಯಕ್ಕೆ ಹೋಗುತ್ತಾಳೆ; ಸೋತವಳು ಇನ್ನೊಂದು ವರ್ಷ ಕಾಯಬೇಕು. ಪವಿತ್ರ ಗುಂಡ್ಲುಪೇಟೆಯ ಅರಿಸಿನ ಮಂಡಿಯವರ ಮನೆ ಹುಡುಗಿ, ಸ್ಪಂದನಾ ಚಂದಕವಾಡಿಯವಳು. ಇಬ್ಬರೂ ಇಲ್ಲೇ ಕಲಿತವರು.

ಚಳಿಗೆ ಬೆರಳು ಮರಗಟ್ಟಿ ಕೋಲಿನ ಹಿಡಿತವೇ ಸಿಗುವುದಿಲ್ಲ ಎಂದು ಪವಿತ್ರ ಮನೆಯಲ್ಲಿ ಗೊಣಗಿದ್ದಳು. ಅದನ್ನು ಕೇಳಿಸಿಕೊಂಡ ಅಜ್ಜಿ ಶಾಂತಮಲ್ಲಮ್ಮ, ಬಾಣಂತಿಯರಿಗೆ ಶಾಖ ಕೊಡುವ ಹಾಗೆ ಕಲ್ಲುಪ್ಪು ಹುರಿದು, ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಕಂಬಳಿ ಸುತ್ತಿ ಚೀಲದಲ್ಲಿಟ್ಟಿದ್ದರು. ತಾವೂ ಜೊತೆಗೆ ಕಾರು ಹತ್ತಿ ಬಂದಿದ್ದರು.

ಆಟ ಶುರುವಾಗುವ ಹೊತ್ತಿಗೆ ಪವಿತ್ರ ಚೀಲ ತಡಕಿದಳು.

"ಅಜ್ಜಿ, ಚೆಂಡೆಲ್ಲಿ?"

"ಗಂಟ್ನೊಳ್ಗೇ ಅವೆ ಕಣಮ್ಮಿ. ಐಸ್ ಇದ್ದಂಗಿದ್ವು. ಕೈ ಕೊರೀತದೆ ಅಂತ ಎಲ್ಲಾನೂ ಉಪ್ಪಲ್ಲಿ ಹೂತ್ಬುಟ್ಟೆ."

ಪವಿತ್ರ ಗಂಟು ಬಿಚ್ಚಿದಳು. ಚೆಂಡುಗಳು ಬೇಯಿಸಿದ ಗೆಣಸಿನಷ್ಟು ಬೆಚ್ಚಗಿದ್ದವು. ಬೆಚ್ಚಗಿನ ಚೆಂಡು ಹೆಚ್ಚು ದೂರ ಹಾರುತ್ತದೆ. ಅದಕ್ಕೇ ಕಾಯಿಸಿದ ಚೆಂಡು ಹೊಡೆದವರು ಆಟದಿಂದಲೇ ಹೊರಗೆ. ಕೈಯನ್ನು ಎಷ್ಟು ಬೇಕಾದರೂ ಕಾಯಿಸಿಕೊಳ್ಳಬಹುದು. ತೀರ್ಪುಗಾರ ಮಲ್ಲಿಕಾರ್ಜುನಸ್ವಾಮಿಯವರೂ ಅದನ್ನೇ ಹೇಳಿದರು.

"ಬೇರೆ ಚೆಂಡು ತಕ್ಕೊಳವ್ವ. ಇವು ಆರೋಗಂಟ ಕಾಯಕ್ಕಾಗಲ್ಲ."

ರೆಸಾರ್ಟ್‌ನ ಅಂಗಡಿ ಇನ್ನೂ ಬಾಗಿಲು ತೆರೆದಿರಲಿಲ್ಲ. ಸ್ಪಂದನಾ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು.

"ನಂದೊಂದು ಕೊಡ್ತೀನಿ. ಆ ಗಂಟು ನಂಗ್ ಕೊಡ್ತೀಯಾ?"

"ಮಂಡಿಯವ್ರ ಮಗ್ಳು ನಾನು, ವ್ಯಾಪಾರ ಮಾಡ್ತಿರೋಳು ನೀನು."

"ಚಳಿ ಕಣೆ. ಕೊಡಂಗಿದ್ರೆ ಕೊಡು."

ಪವಿತ್ರ ಚೆಂಡುಗಳನ್ನು ತೆಗೆದು, ಗಂಟು ಬಿಗಿದು ಕೊಟ್ಟಳು.

ಮೊದಲ ಕುಳಿಗಳಲ್ಲಿ ಅವಳ ಕೈಗೆ ಜೀವವೇ ಇರಲಿಲ್ಲ. ಬೆರಳಿಗೆ ಉಸಿರು ಊದಿಕೊಂಡಳು, ತೊಡೆಗೆ ಉಜ್ಜಿಕೊಂಡಳು. ಸ್ಪಂದನಾ ಜಾಕೆಟ್ ಜೇಬಿನಲ್ಲಿ ಕೈ ಕಾಯಿಸಿಕೊಳ್ಳುತ್ತಾ ಮೂರು ಹೊಡೆತ ಮುಂದಾದಳು. ಬಿಸಿಲು ಬೀಳುವ ಹೊತ್ತಿಗೆ ಉಪ್ಪೂ ಆರಿತು. ಆಮೇಲೆ ಪವಿತ್ರ ಎರಡು ಹೊಡೆತದ ಅಂತರ ತುಂಬಿಕೊಂಡಳು. ಮೂರನೆಯದು ಆಗಲಿಲ್ಲ. ಸ್ಪಂದನಾ ಗೆದ್ದಳು.

"ನಮ್ಮುಪ್ಪಲ್ಲೇ ಗೆದ್ಬುಟ್ಳಲ್ಲಮ್ಮಿ," ಎಂದರು ಅಜ್ಜಿ.

"ಅವ್ಳ್ ಚೆಂಡಿಲ್ದಿದ್ರೆ ನಾನು ಆಡ್ತಾನೇ ಇರ್ಲಿಲ್ಲ. ಬುಡಜ್ಜಿ."

ಅಷ್ಟರಲ್ಲಿ ಸ್ಪಂದನಾ ಗಂಟು ಹಿಡಿದುಕೊಂಡು ಬಂದಳು. "ಅಜ್ಜಿ, ಮೈಸೂರಲ್ಲೂ ಬೆಳಿಗ್ಗೇನೇ ಆಟ. ಇದ್ನ ಎಂಗ್ ಮಾಡೋದು?"

ಶಾಂತಮಲ್ಲಮ್ಮ ಮೊಮ್ಮಗಳ ಕಡೆ ನೋಡಿದರು. ಪವಿತ್ರ ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಹೇಳ್ಕೊಡಜ್ಜಿ," ಎಂದಳು.

"ಉಪ್ಪು ಚಟಪಟ ಅನ್ನೋದು ನಿಲ್ಲೋಗಂಟ ಹುರೀಬೇಕು ಕಣವ್ವ," ಎಂದು ಅಜ್ಜಿ ನಿಧಾನಕ್ಕೆ ಶುರುಮಾಡಿದರು.